ಬೈಲಹೊಂಗಲದ ಗಾಲ್ಫ್ ಕೋಲು

ತೀರಿಕೊಳ್ಳುವ ಹಿಂದಿನ ದಿನ ನಮ್ಮ ಮನೆಯವರು ಎಂದಿನಂತೆ ರೊಟ್ಟಿ, ಪುಂಡಿಪಲ್ಯ ಉಂಡು, ಖಾರ ಕಡಿಮೆಯೆಂದು ಗೊಣಗಿ, ಬೈಲಹೊಂಗಲ ಪೇಟೆಯಲ್ಲಿದ್ದ ತಮ್ಮ ವೆಲ್ಡಿಂಗ್ ಅಂಗಡಿಗೆ ಹೋದರು. ಸಂಜೆ ಬಂದು ಚಹಾ ಕುಡಿದು, ಅದರಲ್ಲೂ ಒಂದು ತಪ್ಪು ಹುಡುಕಿದರು. ಮರುದಿನ ಬೆಳಗ್ಗೆ ಏಳಲಿಲ್ಲ. ಊರವರು "ದೇವರಂಥಾ ಮನಷ್ಯಾರು" ಎಂದು ಅತ್ತರು. ನಾನೂ ಅತ್ತೆ. ಆದರೆ ನಿಜ ಹೇಳಬೇಕಲ್ಲ? ಆ ದೇವರಂಥವರು ನಕಲಿ ಮಾಲು ಮಾಡುತ್ತಿದ್ದರು!

ಅದೂ ಏನು? ಗಾಲ್ಫ್ ಕೋಲು! ತೊಂಬತ್ತರ ದಶಕದ ಮಾತು. ಬೆಳಗಾವಿಯ ಆಟದ ಸಾಮಾನಿನ ವ್ಯಾಪಾರಿಯೊಬ್ಬ ವಿದೇಶಿ ಕೋಲೊಂದನ್ನು ತಂದು, "ಇಂಥಾವ ಮಾಡಿಕೊಡ್ರಿ ಮಾಲಕರ" ಎಂದ. ಕೂರಿಗೆ ರಿಪೇರಿಗೆ ಬಂದಿದ್ದ ಮುನವಳ್ಳಿಯ ರೈತನೊಬ್ಬ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದರ್ಲೆ ಏನ್ ಮಾಡ್ತಾರ್ರಿ?"

"ಚಂಡ ಬಡದು ಕುಣ್ಯಾಗ ಕೆಡವತಾರಂತ," ಎಂದರು ಇವರು.

"ಕೈಲೇ ಒಗದ್ರ ಬೀಳಂಗಿಲ್ಲೇನ್ರಿ?"

ವ್ಯಾಪಾರಿ ಅವನ ಕೈಯಿಂದ ಕೋಲು ಕಸಿದುಕೊಂಡು ಇವರ ಮುಂದಿಟ್ಟ.

ಕೋಲುಗಳು ತಯಾರಾದವು. ವ್ಯಾಪಾರಿ ಬಂದವನು ತಲೆ ಮೇಲೆ ಕೈ ಹೊತ್ತು ಕುಳಿತ. ಅವನು ಕೊಟ್ಟಿದ್ದ ಮಾದರಿ ಯಾರೋ ಎಡಚನದು. ಇವರು ಎಲ್ಲವನ್ನೂ ಎಡಚರಿಗೇ ಮಾಡಿದ್ದರು! ಸಾಲದ್ದಕ್ಕೆ, ಮಾದರಿಯ ಮೂತಿಗೆ ಬಿದ್ದಿದ್ದ ನೆಗ್ಗನ್ನೂ ಬಿಡದೆ ಪ್ರತಿಯೊಂದಕ್ಕೂ ಮೂಡಿಸಿದ್ದರು.

"ನಕಲ ಅಂದ್ರ ನಕಲರೀ. ನಡುವ ನಾ ಯಾಕ ಶಾಣ್ಯಾತನ ಮಾಡ್ಲಿ?"

ಅವನ್ನೆಲ್ಲ ಮತ್ತೆ ಕುಲುಮೆಗೆ ಹಾಕಿ, ನೆಗ್ಗು ತೆಗೆದು, ಬಲಗೈಯವನ್ನಾಗಿ ಮಾಡಿದರು. ವ್ಯಾಪಾರಿ ಖುಷಿಯಾಗಿ, ಜೇಬಿನಿಂದ ವಿದೇಶಿ ಕಂಪನಿಯ ಹೆಸರಿನ ಅಚ್ಚು ತೆಗೆದ. "ಇದನ್ನೊಂದು ಹೊಡದ ಬಿಡ್ರಿ. ವರ್ಷಾಪೂರ್ತಿ ಕೆಲಸ ಕೊಡತೇನಿ."

ಇವರು ಅಚ್ಚನ್ನು ಮುಟ್ಟಲಿಲ್ಲ.

ಮನೆಯಲ್ಲಿ ನಾನು ಜಗಳ ತೆಗೆದೆ. ಕೂರಿಗೆ ಕೆಲಸ ಬಿತ್ತನೆಯ ಮುಂದಷ್ಟೇ; ಉಳಿದ ದಿನ ಅಂಗಡಿ ಖಾಲಿ. "ಆಕಾರ ಕದಿಯೂದು ನಡೀತೈತಿ, ಹೆಸರು ಯಾಕ ನಡ್ಯಂಗಿಲ್ಲ? ಅರ್ಧಾ ಕಳ್ಳರೇನು ನೀವು?"

"ಕುಡಗೋಲ ಮೊದಲ ಮಾಡಿದಾಂವ ಯಾರಂತ ಗೊತ್ತೇನ ನಿನಗ? ಅವನ್ನ ಕೇಳಿ ಮಾಡತೇನೇನ ನಾ? ನೋಡಿ ಮಾಡೂದು ಕೆಲಸ. ನಾ ಮಾಡಿದ್ದನ್ನ ಮತ್ತೊಬ್ಬಾಂವ ಮಾಡ್ಯಾನ ಅನ್ನೂದು ಸುಳ್ಳ."

"ಹಂಗಾರ ನಿಮ್ಮ ಹೆಸರ ಹಾಕ್ರಿ."

"ಆಕಾರ ನಂದಲ್ಲಲೇ!"

ಇಂಥವರೊಡನೆ ಜಗಳವಾಡಿ ಗೆದ್ದವರುಂಟೇ?

ವ್ಯಾಪಾರಿ ಹೆಸರಿಲ್ಲದ ಕೋಲುಗಳನ್ನೇ ಒಯ್ದು, ಬೇರೆ ಕಡೆ ಅಚ್ಚು ಹೊಡೆಸಿ ಮಾರಿದ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಇವರು ಬಸ್ ಹತ್ತಿ ಬೆಳಗಾವಿಗೆ ಹೋದರು. ಗಾಲ್ಫ್ ಮೈದಾನದ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ಹೇಳಿದರಂತೆ: "ಸಾಹೇಬ್ರ, ನಿಮ್ಮ ಕೋಲ ಬೈಲಹೊಂಗಲದ್ದರಿ. ನಾನ ಮಾಡೇನಿ." ಒಬ್ಬರಾದರೂ ನಂಬಬೇಕಲ್ಲ! "ಇಂಥಾ ಕೆಲಸ ಇಲ್ಲೆಲ್ಲಿ ಆಗ್ತದಪ್ಪಾ, ಹೋಗು" ಎಂದು ನಕ್ಕು ಒಳಗೆ ನಡೆದರಂತೆ.

ನಗೆಪಾಟಲಾಗಿ ಬಂದವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. "ಯಾರೂ ನಂಬಲಿಲ್ಲಲೇ! ಅಸಲೀನ ಅಂತ ತಿಳಕೊಂಡಾರ!" ಎಂದು ಹೇಳಿದ್ದನ್ನೇ ಹೇಳಿದರು. ಊಟಕ್ಕೆ ಕುಳಿತಾಗ, "ನಾ ಮಾಡಿದ್ದು ಮತ್ತೊಬ್ಬಾಂವನ ಹೆಸರಿಗೇ ಹೋತಲ್ಲ" ಎಂದು ತಟ್ಟೆ ಸರಿಸಿದರು. ಆಮೇಲೆ ಗಾಲ್ಫ್ ಕೋಲು ಮಾಡಲಿಲ್ಲ.

ಈಗ ಅಂಗಡಿ ಮುಚ್ಚಿದೆ. ಅವರು ಮಾಡಿದ ಒಂದು ಕೋಲನ್ನಾದರೂ ಕೊಂಡು ತಂದು ಮನೆಯಲ್ಲಿಟ್ಟುಕೊಳ್ಳೋಣವೆಂದು, ಮೊನ್ನೆ ಬೆಳಗಾವಿಗೆ ಹೋದಾಗ ಆ ಗೇಟಿನ ಹತ್ತಿರ ನಾನೂ ನಿಂತಿದ್ದೆ. ಬಹಳ ಹೊತ್ತು ನೋಡಿದೆ. ಅಸಲಿ ಯಾವುದು, ಅವರದು ಯಾವುದು, ನನಗೆ ಗುರುತು ಹತ್ತಲಿಲ್ಲ. ಮನೆಯಲ್ಲಿ ಅವರು ಮಾಡಿದ ಒಂದು ಕೋಲೂ ಇಲ್ಲ.