ಎರಡು ಮೊರದಷ್ಟು ಬೋಳು ನೆಲ

ಶ್ರಾವಣದ ಎರಡನೆಯ ಸೋಮವಾರ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ. ಸ್ಥಳ: ಕೊಪ್ಪಳದ ನಮ್ಮ ಮನೆಯ ಅಡುಗೆಮನೆಯ ಕಿಟಕಿಗೆ ಎದುರಾಗಿರುವ ಹುಲ್ಲುಹಾಸು. ಹಾಜರಿದ್ದವರು: ನಾನು, ಹದಿನಾಲ್ಕು ಗುಬ್ಬಿಗಳು, ಕಿಟಕಿಯ ಆಚೆ ಕರಿ ಕನ್ನಡಕ ಹಾಕಿಕೊಂಡು ಹಾಲು ಕಾಯಿಸುತ್ತಿದ್ದ ನನ್ನ ಹೆಂಡತಿ ಗೌರಮ್ಮ. ಗೈರುಹಾಜರು: ಯಾರೂ ಇಲ್ಲ.

ಹೀಗೆ ಹಾಜರಿ ತೆಗೆದುಕೊಳ್ಳದೆ ನನಗೆ ದಿನ ಶುರುವಾಗುವುದಿಲ್ಲ. ಯಲಬುರ್ಗಾ, ಕುಷ್ಟಗಿ, ಕೊನೆಗೆ ಕೊಪ್ಪಳ ಎಂದು ಮೂವತ್ತಾರು ವರ್ಷ ಪ್ರೌಢಶಾಲೆಗಳಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು. ನಿವೃತ್ತಿಯಾದ ಮೇಲೆ ಸೀಟಿಯನ್ನು ಮೊಳೆಗೆ ತೂಗುಹಾಕಿದೆ. ಸಮಯವನ್ನು ತೂಗುಹಾಕಲು ಮೊಳೆ ಸಿಗಲಿಲ್ಲ. ಶಿಸ್ತಿನ ಮನುಷ್ಯರಿಗೆ ಒಂದು ದೌರ್ಬಲ್ಯವಿರುತ್ತದೆ, ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ಯಾವಾಗಲೂ ಸಾಲಿನಲ್ಲಿ ನಿಂತವರದು ಎಂದು ನಾವು ನಂಬಿರುತ್ತೇವೆ. ನಾವು ನಿಂತಿರುವುದು ಸಾಲಿನ ಎದುರಿಗೆ. ಎದುರಿಗೆ ನಿಂತವನನ್ನು ಪರೀಕ್ಷೆ ಮಾಡುವವರು ಯಾರು?

ನಮ್ಮ ಹುಲ್ಲುಹಾಸು ದೊಡ್ಡದೇನಲ್ಲ. ಎರಡು ಜಮಖಾನೆ ಹಾಸಿದಷ್ಟು. ಆದರೆ ಅದರ ಹಿಂದೆ ನಲವತ್ತನಾಲ್ಕು ವರ್ಷಗಳ ಒಂದು ಮಾತಿದೆ. ಗೌರಮ್ಮ ಗಂಗಾವತಿಯ ಕಾಲುವೆ ಸೀಮೆಯವಳು. ಕಣ್ಣು ಹಾಯುವಷ್ಟು ದೂರ ಭತ್ತ, ಭತ್ತದ ನಡುವೆ ನೀರು, ನೀರಿನಲ್ಲಿ ಕೊಕ್ಕರೆ ನೋಡಿಕೊಂಡು ಬೆಳೆದವಳು. ಮದುವೆಯಾಗಿ ಚೈತ್ರದ ಬಿಸಿಲಿನಲ್ಲಿ ಯಲಬುರ್ಗಾ ತಾಲೂಕಿನ ನಮ್ಮೂರಿಗೆ ಬಂದಳು. ಅಂಗಳದಲ್ಲಿ ನಿಂತು ನಾಲ್ಕೂ ದಿಕ್ಕಿಗೆ ಬಿರುಕು ಬಿಟ್ಟ ಎರೆಹೊಲ ನೋಡಿ, ಮೆಲ್ಲಗೆ, "ಇಲ್ಲಿ ಹಸರು ಎಲ್ಲಿ ಇಟ್ಟೀರಿ?" ಎಂದು ಕೇಳಿದಳು, ನಾವು ಅದನ್ನು ಟ್ರಂಕಿನಲ್ಲಿ ಮಡಿಸಿ ಇಟ್ಟಿದ್ದೇವೆ ಎನ್ನುವ ಹಾಗೆ. ಮಳೆ ಬರಲಿ, ತೋರಿಸುತ್ತೇನೆ ಎಂದಿದ್ದೆ. ಆ ವರ್ಷ ಮಳೆ ಬರಲಿಲ್ಲ, ಮಾತು ತಪ್ಪಿತು. ಕೊಪ್ಪಳದಲ್ಲಿ ಮನೆ ಕಟ್ಟಿಸಿದಾಗ ಅಡುಗೆಮನೆಯ ಕಿಟಕಿಯ ಎದುರು ಹುಲ್ಲು ಹಾಕಿಸಿದ್ದು ಆ ಮಾತಿಗಾಗಿ.

ಆಮೇಲೆ ಅವಳ ಕಣ್ಣಿಗೆ ನಿಧಾನವಾಗಿ ಪೊರೆ ಬಂತು. ಹಸಿರೆಲ್ಲ ಕಂದು, ಕಂದೆಲ್ಲ ಬೂದಿ. ಜ್ಯೇಷ್ಠದ ಕೊನೆಯಲ್ಲಿ ಒಂದು ಕಣ್ಣಿನ, ಆಷಾಢದ ಆರಂಭದಲ್ಲಿ ಇನ್ನೊಂದು ಕಣ್ಣಿನ ಶಸ್ತ್ರಚಿಕಿತ್ಸೆ ಎಂದು ಡಾಕ್ಟರು ದಿನ ಗೊತ್ತುಮಾಡಿದರು. ಎರಡೂ ಮುಗಿದ ಮೇಲೆ ಒಂದು ತಿಂಗಳು ಕರಿ ಕನ್ನಡಕ, ಬಗ್ಗಬಾರದು, ಧೂಳಿಗೆ ಹೋಗಬಾರದು. ಆಮೇಲೆ ಹೊಸ ಕನ್ನಡಕ. ದಿನ ಗೊತ್ತುಮಾಡಿಕೊಂಡು ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಗೌರಮ್ಮ, ಹೊಸ ಕಣ್ಣು ಬಂದ ಮೇಲೆ ಮೊದಲು ನಮ್ಮ ಹುಲ್ಲು ನೋಡುತ್ತೇನೆ ಎಂದಳು. ಅವಳು ಸುಮ್ಮನೆ ಹೇಳಿದ್ದಿರಬಹುದು. ನಾನು ಯಾರ ಮಾತನ್ನೂ ಸುಮ್ಮನೆ ಕೇಳುವವನಲ್ಲ. ಮನೆಗೆ ಬಂದವನೇ ಹುಲ್ಲುಹಾಸಿನ ತಪಾಸಣೆಗೆ ಇಳಿದೆ.

ನಟ್ಟನಡುವೆ ಎರಡು ಬೋಳು ಜಾಗಗಳಿದ್ದವು. ಒಂದೊಂದೂ ಮೊರದಷ್ಟು ಅಗಲ. ಅಕ್ಕಪಕ್ಕ, ನಡುವೆ ಒಂದು ಹೆಜ್ಜೆ ಅಂತರ. ಅವು ಇದ್ದದ್ದು ನನಗೆ ಗೊತ್ತೇ ಇತ್ತು, ಆದರೆ ಕಾಣದ ಹೆಂಡತಿಯ ಜೊತೆಗಿದ್ದರೆ ಕಾಣುವ ಗಂಡನೂ ಕೆಲವನ್ನು ಕಾಣದೆ ಬಿಡುತ್ತಾನೆ. ಈಗ ತನಿಖೆ ನಡೆಸಿದೆ. ಮೊದಲ ಅನುಮಾನ ಬೀದಿನಾಯಿಯ ಮೇಲೆ. ಎರಡನೆಯದು ಗೆದ್ದಲಿನ ಮೇಲೆ. ಮೂರನೆಯದು ಗಿಣಿಗೇರಾದ ಕಾರ್ಖಾನೆಗಳ ಕಡೆಯಿಂದ ಗಾಳಿ ಹೊತ್ತು ತರುವ ಕರಿಧೂಳಿನ ಮೇಲೆ. ಅದು ಇಡೀ ಕೊಪ್ಪಳ ಬಿಟ್ಟು ನಮ್ಮ ಮನೆಯ ಎರಡು ಮೊರದಷ್ಟು ಜಾಗಕ್ಕೇ ಏಕೆ ಬೀಳಬೇಕು ಎಂದು ಗೌರಮ್ಮ ಕೇಳಿದಾಗ ಅದನ್ನು ಕೈಬಿಟ್ಟೆ. ಕೊನೆಗೆ ದಾರಿಹೋಕರ ಮೇಲೆ ಅನುಮಾನ ನಿಂತಿತು. "ಹುಲ್ಲಿನ ಮೇಲೆ ಯಾರೂ ಕಾಲಿಡಬಾರದು" ಎಂದು ಫಲಕ ಬರೆದು, ಗೇಟಿನ ಕಡೆಗೆ ಮುಖ ಮಾಡಿ ನೆಟ್ಟೆ. ನಮ್ಮ ಗೇಟಿನ ಒಳಗೆ ದಿನಕ್ಕೆ ಒಬ್ಬ ಹಾಲಿನವ ಬಿಟ್ಟರೆ ಯಾರೂ ಬರುವುದಿಲ್ಲ. ಅವನಿಗೆ ಓದಲು ಬರುತ್ತದೆ, ಆದರೆ ಹುಲ್ಲಿನ ಕಡೆ ಅವನು ಎಂದೂ ಬಂದವನಲ್ಲ. ಫಲಕ ನೋಡಿದ ಮೇಲೆ ಅವನು ಗೇಟಿನ ಹೊರಗೇ ನಿಂತು ಹಾಲು ಕೊಡತೊಡಗಿದ.

ಬೀಜ ತರಲು ಖಾಜಾಸಾಬರ ಅಂಗಡಿಗೆ ಹೋದೆ. ಸಜ್ಜೆ, ಗೋವಿನಜೋಳ, ಸೂರ್ಯಕಾಂತಿ ಬೀಜ ಮಾರುವ ಅಂಗಡಿ ಅದು. ಹುಲ್ಲಿನ ಬೀಜ ಬೇಕು ಎಂದೆ. ಖಾಜಾಸಾಬರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು. "ಮಾಸ್ತರ್ರ, ಈ ಗಲ್ಲಾದ ಮ್ಯಾಲ ಮೂವತ್ತು ವರ್ಷ ಕುಂತೀನಿ. ಹುಲ್ಲು ಸಾಯೂ ಎಣ್ಣಿ ಕೊಡ್ರಿ ಅಂತ ಎಲ್ಲಾರೂ ಬರ್ತಾರ. ಹುಲ್ಲು ಹುಟ್ಟೂ ಬೀಜ ಕೊಡ್ರಿ ಅಂದವ್ರು ನೀವ್ ಒಬ್ಬರ." ಆದರೂ ಹತ್ತು ದಿನ ಕಾಯಿಸಿ ಎಲ್ಲಿಂದಲೋ ಒಂದು ಪೊಟ್ಟಣ ತರಿಸಿದರು. ಅದರ ಮೇಲೆ ಪರದೇಶದ ಹೆಸರು, ಪರದೇಶದ ಬಂಗಲೆ, ಬಂಗಲೆಯ ಮುಂದೆ ಹಸಿರು. ಒಳಗೇನಿದೆ ಎಂದು ಕೇಳಿದೆ. ಅವರು ಧ್ವನಿ ತಗ್ಗಿಸಿ, "ಕರಕಿ ಐತ್ರಿ. ಯಾರಿಗೂ ಹೇಳಬ್ಯಾಡ್ರಿ" ಎಂದರು.

ಕರಕಿ ಎಂದರೆ ಗರಿಕೆ. ನಮ್ಮಪ್ಪ ಆಯುಷ್ಯವಿಡೀ ಯುದ್ಧ ಮಾಡಿದ್ದು ಅದರ ಜೊತೆಗೆ. ಎರೆಹೊಲಕ್ಕೆ ಕರಕಿ ಹೊಕ್ಕರೆ ಬೇಸಿಗೆಯಲ್ಲಿ ಮೊಳಕಾಲುದ್ದ ಅಗೆದು ಬೇರು ಆರಿಸಿ ಸುಡಬೇಕು. ಒಂದು ಗಂಟು ಉಳಿದರೂ ಮುಂಗಾರಿಗೆ ಮತ್ತೆ ಹಾಜರ್. ಗಣೇಶನ ಹಬ್ಬದ ಒಂದು ದಿನ ಮಾತ್ರ ಅಪ್ಪ ಅದಕ್ಕೆ ಕೈಮುಗಿಯುತ್ತಿದ್ದ, ಮರುದಿನ ಗುದ್ದಲಿ ಎತ್ತುತ್ತಿದ್ದ. ಅವನ ಮಗ ಅದೇ ಕರಕಿಯ ಬೀಜವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಯಾರೂ ನೋಡದ ಹಾಗೆ ಜವಾಹರ ರಸ್ತೆ ದಾಟಿದ.

ನಮ್ಮ ನೆಲ ಗರಸು, ಬರೀ ಕಲ್ಲುಮಣ್ಣು. ಒಳ್ಳೆಯ ಮಣ್ಣು ಬೇಕೆಂದು ಗಂಗಾವತಿಯಲ್ಲಿರುವ ಗೌರಮ್ಮನ ತಮ್ಮ ಶರಣಪ್ಪನಿಗೆ ಫೋನ್ ಮಾಡಿದೆ. ತಮ್ಮ ಗದ್ದೆಯ ಮಣ್ಣಿನಲ್ಲಿ ಕೋಲು ಚುಚ್ಚಿದರೂ ಚಿಗುರುತ್ತದೆ ಎಂದು ಹೇಳಿ, ನಾಲ್ಕು ಚೀಲ ತುಂಬಿಸಿ ಕೊಪ್ಪಳಕ್ಕೆ ಬರುವ ಟೆಂಪೋದಲ್ಲಿ ಹಾಕಿಸಿದ. ನಾನು ಕುರ್ಪಿಯಿಂದ ಬೋಳು ನೆಲ ಕೆದಕಿದೆ. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ಕುರ್ಪಿಯ ಹಿಡಿಯೇ ಕಿತ್ತು ಬಂತು. ಯಾವ ನಾಯಿ ಇಷ್ಟು ತುಳಿದೀತು ಎಂದು ಆಶ್ಚರ್ಯಪಟ್ಟೆ. ಗದ್ದೆಮಣ್ಣು ಹರಡಿ, ಬೀಜವನ್ನು ಮರಳಿನಲ್ಲಿ ಕಲಸಿ, ಅರ್ಧವನ್ನು ಉದ್ದಕ್ಕೆ ಅರ್ಧವನ್ನು ಅಡ್ಡಕ್ಕೆ ಚೆಲ್ಲಿ, ಹಲಗೆಯಿಂದ ತಟ್ಟಿ, ಒದ್ದೆ ಗೋಣಿಚೀಲ ಹೊದಿಸಿದೆ. ಫಲಕಕ್ಕೆ ಗೌರವ ಕೊಟ್ಟು ನನ್ನ ಬೆಳಗಿನ ಕಸರತ್ತನ್ನೂ ಐದೂವರೆಗೆ ಮಾಳಿಗೆಯ ಮೇಲಕ್ಕೆ ವರ್ಗಾಯಿಸಿದೆ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಚೀಲ ತೆಗೆದು ತಪಾಸಣೆ, ನೀರು. ಆರೂ ಕಾಲಿಗೆ ಮತ್ತೆ ಹೊದಿಕೆ. ಈ ವೇಳಾಪಟ್ಟಿಯನ್ನು ನನಗಿಂತ ಚೆನ್ನಾಗಿ ಕಲಿತವು ಗುಬ್ಬಿಗಳು. ಐದೂ ಐವತ್ತಕ್ಕೆ ಬಂದು ತಂತಿಯ ಮೇಲೆ ಸಾಲಾಗಿ ಕೂತು ಕಾಯುತ್ತಿದ್ದವು. ಮೂವತ್ತಾರು ವರ್ಷದಲ್ಲಿ ಯಾವ ತರಗತಿಯೂ ನನಗೆ ಅಷ್ಟು ಸಮಯಕ್ಕೆ ಸರಿಯಾಗಿ ಬಂದಿರಲಿಲ್ಲ. ನಾನು ಡಬ್ಬಿಗೆ ನೀರು ತುಂಬಿ ಬರುವಷ್ಟರಲ್ಲಿ ಅವು ಪರದೇಶದ ಕರಕಿಯನ್ನು ತಿಂದು ಮುಗಿಸುತ್ತಿದ್ದವು ಎಂಬುದು ಆಗ ಹೊಳೆಯಲಿಲ್ಲ.

ಆದರೂ ಏಳನೆಯ ದಿನ ಮೊಳಕೆ ಬಂತು. ಚೀಲ ತೆಗೆದು ಹಾಕಿದೆ. ಹದಿನೈದನೆಯ ದಿನಕ್ಕೆ ಗೇಣುದ್ದ. ಸುತ್ತಲಿನ ಹುಲ್ಲು ನೆಲ ಹಿಡಿದು ಸೋಮಾರಿಯಂತೆ ತೆವಳುತ್ತಿದ್ದರೆ ಇದು ಎದೆಯೆತ್ತಿ ನೆಟ್ಟಗೆ ನಿಂತಿತ್ತು. ತಿಳಿಹಸಿರು, ಗಾಳಿ ಬಂದರೆ ಎಲ್ಲವೂ ಒಂದೇ ಕಡೆಗೆ ವಾಲಿ ಒಟ್ಟಿಗೆ ಏಳುತ್ತಿದ್ದವು. ನನ್ನ ಶಿಸ್ತು ಹುಲ್ಲಿಗೂ ಬಂದಿದೆ ಎಂದು ಎದೆ ತುಂಬಿತು. ಖಾಜಾಸಾಬರಿಗೆ ವರದಿ ಒಪ್ಪಿಸಿದೆ. ಅವರು ಸಂತೋಷಪಡಲಿಲ್ಲ. ಗಂಭೀರವಾಗಿ, "ಹದಿನೈದು ದಿನಕ್ಕ ಗೇಣು? ನನ್ನ ಬೀಜ ಅಷ್ಟು ಛಲೋ ಅಲ್ರಿ ಮಾಸ್ತರ್ರ. ಸ್ವಲ್ಪ ವಿಚಾರ ಮಾಡ್ರಿ" ಎಂದರು. ವಿನಯ ಎಂದುಕೊಂಡೆ.

ಆ ದಿನಗಳಲ್ಲಿ ಮಧ್ಯಾಹ್ನ ಎರಡರಿಂದ ಎರಡೂ ಇಪ್ಪತ್ತರವರೆಗಿನ ನನ್ನ ನಿದ್ದೆಗೆ ಕನಸು ಬರತೊಡಗಿತು. ನನಗೆ ಕನಸು ಬೀಳುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಅದಕ್ಕೆ ಎಲ್ಲಿ ಜಾಗ? ಆದರೂ ಬಂತು. ಅಪ್ಪ ಧೋತರ ಮೇಲೆ ಕಟ್ಟಿ, ಗುದ್ದಲಿ ಹೆಗಲಿಗೇರಿಸಿ ನಮ್ಮ ಹುಲ್ಲಿನ ಅಂಚಿಗೆ ಬಂದು ನಿಲ್ಲುತ್ತಾನೆ. ಫಲಕ ಓದುತ್ತಾನೆ. ನಿಜದಲ್ಲಿ ಅವನಿಗೆ ಓದು ಬರುತ್ತಿರಲಿಲ್ಲ. ಗುದ್ದಲಿ ಕೆಳಗಿಟ್ಟು ಕೂರುತ್ತಾನೆ. ಎಲ್ಲಿಯೋ ಕಾಲುವೆಯ ನೀರಿನ ಸದ್ದು. ಬದುವಿನ ಮೇಲೆ ಲಂಗ ಎತ್ತಿ ಹಿಡಿದು ಒಬ್ಬ ಹುಡುಗಿ ನಡೆದು ಹೋಗುತ್ತಾಳೆ, ಹಿಂದೆ ತಿರುಗುವುದಿಲ್ಲ. ಹಸಿರು ನಮ್ಮ ಕಂಪೌಂಡ್ ದಾಟಿ, ರಸ್ತೆ ದಾಟಿ, ಕೋಟೆಯ ಬಂಡೆಗಳನ್ನು ಹತ್ತಿ, ಯಲಬುರ್ಗಾ ಮುಟ್ಟುತ್ತದೆ. ಎಚ್ಚರವಾದಾಗ ಎರಡೂ ಮೂವತ್ತೈದು. ಹದಿನೈದು ನಿಮಿಷ ತಡ. ಗೌರಮ್ಮ ಚಹಾ ಮತ್ತೆ ಬಿಸಿ ಮಾಡಿದಳು.

ಇನ್ನು ಈ ಸೋಮವಾರಕ್ಕೆ ಬರುತ್ತೇನೆ. ಹತ್ತು ಗಂಟೆಗೆ ಆಸ್ಪತ್ರೆ ತಲುಪಿದೆವು. ಕರಿ ಕನ್ನಡಕ ಹೋಗಿ ಹೊಸ ಕನ್ನಡಕ ಬಂತು. ದಾರಿಯುದ್ದಕ್ಕೂ ಅವಳು ಅಂಗಡಿಗಳ ಬೋರ್ಡುಗಳನ್ನು ನೋಡದೆ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು. ಏಕೆಂದು ಕೇಳಿದರೆ, ಮೊದಲು ಹಸಿರು ನೋಡಬೇಕು ಎಂದಿದ್ದೆನಲ್ಲ ಎಂದಳು. ಸುಮ್ಮನೆ ಹೇಳಿದ್ದಲ್ಲ ಹಾಗಾದರೆ. ವಾರ್ಷಿಕ ತಪಾಸಣೆಯ ದಿನದ ಹಾಗೆ ಅಂಗಿಯ ಗುಂಡಿ ಸರಿಮಾಡಿಕೊಂಡೆ. ಕೈಹಿಡಿದು ಗೇಟು ದಾಟಿಸಿ, ಹುಲ್ಲಿನ ಅಂಚಿಗೆ ತಂದು ನಿಲ್ಲಿಸಿ, "ಈಗ ಕಣ್ ತಗಿ" ಎಂದೆ.

ಅವಳು ತೆಗೆದಳು. ಬಹಳ ಹೊತ್ತು ನೋಡಿದಳು. ಕಣ್ಣಿಗೆ ನೀರು ಬಂತೋ, ಹೊಸ ಗಾಜಿನ ಹೊಳಪೋ ತಿಳಿಯಲಿಲ್ಲ. ಆಮೇಲೆ ಅವಳ ಭುಜ ಅಲುಗತೊಡಗಿತು. ನಗುತ್ತಿದ್ದಳು.

"ರೀ, ಇದು ನೆಲ್ಲು ಐತ್ರಿ."

ನನಗೆ ಅರ್ಥವಾಗಲಿಲ್ಲ. ನೆಲ್ಲು ಎಂದರೆ ಭತ್ತ ಎಂಬುದು ಗೊತ್ತು. ಆದರೆ ನಾನು ಜೋಳದ ಸೀಮೆಯವನು. ಅತ್ತೆಮನೆಗೆ ಹೋದದ್ದೆಲ್ಲ ದೀಪಾವಳಿಗೆ, ತೆನೆ ಬಂದು ಬಾಗಿರುವಾಗ. ಗೇಣುದ್ದದ ಭತ್ತದ ಸಸಿಯನ್ನು ಬಸ್ಸಿನ ಕಿಟಕಿಯಿಂದ ಕಂಡಾಗಲೆಲ್ಲ ಹುಲ್ಲು ಎಂದುಕೊಂಡು ಕಣ್ಣು ಮುಚ್ಚಿದವನು. ಶರಣಪ್ಪನ ಗದ್ದೆಯ ಮಣ್ಣಿನಲ್ಲಿ ಹಿಂದಿನ ಸುಗ್ಗಿಯ ಉದುರು ಕಾಳು ಇದ್ದವು. ಒಂದು ತಿಂಗಳಿಂದ ನಾನು ದಿನವೂ ತಪ್ಪದೆ ನೀರು ಕೊಟ್ಟು ಬೆಳೆಸಿದ್ದು ಸೋನಾಮಸೂರಿಯ ಸಸಿಮಡಿಯನ್ನು. "ನಲವತ್ನಾಕು ವರ್ಷ ಅನ್ನ ಉಂಡೀರಿ, ಅದರ ಮಕ್ಕಳ ಗುರ್ತು ಸಿಗಲಿಲ್ಲೇನ್ರಿ ನಿಮಗ?" ಎಂದಳು. ಶರಣಪ್ಪನಿಗೂ ಕೂಡಲೇ ಫೋನ್ ಹೋಯಿತು. ಅವನು ಸಮಾಧಾನವಾಗಿ, ನಾಟಿಗೆ ಆಳು ಕಳಿಸಬೇಕೇ ಎಂದು ಕೇಳಿದನಂತೆ.

ನಾನು ತಲೆ ತಗ್ಗಿಸಿ ನಿಂತೆ. ಹಸಿರು ತೋರಿಸುತ್ತೇನೆ ಎಂದು ಕೊಟ್ಟ ಮಾತು ಎರಡನೆಯ ಸಲ ತಪ್ಪಿತು ಎಂದೆ. ಆಗ ಅವಳು ಬಗ್ಗದೆ, ಕಾಲ ಬೆರಳಿನಿಂದ ಸಸಿಗಳನ್ನು ಸ್ವಲ್ಪ ಸರಿಸಿ ತೋರಿಸಿದಳು. ಬುಡದಲ್ಲಿ, ಸುತ್ತಲಿನ ಹುಲ್ಲಿನಿಂದ ತೆವಳಿ ಬಂದ ಹಳೆಯ ಕರಕಿ ಸಣ್ಣಗೆ ಗಂಟು ಊರಿತ್ತು. ಬೀಜದ್ದಲ್ಲ, ತಾನಾಗಿ ಬಂದದ್ದು. ಇಷ್ಟು ವರ್ಷ ಬಾರದ್ದು ಈಗ ಹೇಗೆ ಬಂತು ಎಂದು ಕೇಳಿದೆ.

"ಒಂದು ತಿಂಗಳ ನೀವು ಮಾಳಿಗಿ ಮ್ಯಾಲ ಕಸರತ್ತು ಮಾಡೀರಿ. ಅದಕ್ಕ ಬಂತು." ಕನ್ನಡಕ ಸರಿಮಾಡಿಕೊಂಡು ಎರಡು ಬೋಳುಗಳ ನಡುವಿನ ಅಂತರ ಅಳೆದಳು. "ನಿಂದರ್ರಿ ಅಲ್ಲಿ. ಕಾಲ ಅಗಲ್ಸರಿ."

ನಿಂತೆ. ಹನ್ನೊಂದು ವರ್ಷ, ದಿನವೂ ಬೆಳಿಗ್ಗೆ ಐದೂ ಐವತ್ತಕ್ಕೆ, ಒಂದಿಂಚು ಆಚೀಚೆ ಆಗದಂತೆ ನಾನು ಕಾಲು ಅಗಲಿಸಿ ನಿಂತು ನೂರು ಸಲ ನೆಗೆಯುತ್ತಿದ್ದ ಜಾಗ. ಎಡಗಾಲಿಗೆ ಒಂದು ಮೊರ, ಬಲಗಾಲಿಗೆ ಒಂದು ಮೊರ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಅಡುಗೆಮನೆಯ ಕಿಟಕಿಯ ಕಡೆ ತಿರುಗಿದಳು.

"ಕಣ್ಣಾಗ ಪೊರಿ ಇತ್ತಲ್ರಿ. ಹಸರೆಲ್ಲ ಬೂದಿ ಆಗಿತ್ತು. ಆದ್ರ ಕಿಟಕ್ಯಾಗ ನಿಂತ್ರ, ಕುಪ್ಪಳಸೂ ಒಂದು ನೆಳ್ಳು ದಿನಾ ಕಾಣಸ್ತಿತ್ತು. ಈ ತಿಂಗಳ ಅದೂ ಇರಲಿಲ್ಲ." ಆಮೇಲೆ ದನಿ ಬದಲಿಸಿ, "ಅಲ್ಲಿ ಹುಲ್ಲು ಬ್ಯಾಡ್ರಿ. ಅದು ನಿಮ್ಮ ಜಾಗ" ಎಂದಳು.

ಮಧ್ಯಾಹ್ನದ ನಿದ್ದೆ ರದ್ದಾಯಿತು. ಹಿತ್ತಲಿನಲ್ಲಿ ಹಳೆಯ ಸಿಮೆಂಟಿನ ತೊಟ್ಟಿಯೊಂದಿತ್ತು. ಅದನ್ನು ಕಿಟಕಿಯ ಕೆಳಗೆ ತಂದು, ಉಳಿದಿದ್ದ ಗದ್ದೆಮಣ್ಣು ತುಂಬಿ, ನೀರು ಕಟ್ಟಿ, ಬೋಳು ಜಾಗದ ಸಸಿಗಳನ್ನು ಕಿತ್ತು ಪಕ್ಕದಲ್ಲಿಟ್ಟೆ. ಗೌರಮ್ಮ ಕುರ್ಚಿ ಹಾಕಿಕೊಂಡು ಎದುರಿಗೆ ಕೂತಳು. ಎರಡೆರಡೇ ಸಸಿ, ಹೆಬ್ಬೆರಳಿನಿಂದ ಒತ್ತಬೇಕು, ಹಿಂದಕ್ಕೆ ಸರಿಯುತ್ತ ಬರಬೇಕು ಎಂದು ಅವಳು ಹೇಳಿಕೊಡುತ್ತಿದ್ದರೆ ನಾನು ಕೆಸರಿನ ಕೈಯಲ್ಲಿ ಪಾಲಿಸುತ್ತಿದ್ದೆ. ಸಾಲು ದಾರ ಹಿಡಿದು ನೆಟ್ಟಂತಿದೆ, ಬೇರು ಮಾತ್ರ ತೇಲುತ್ತಿದೆ ಎಂದು ಎರಡು ಸಲ ಕೀಳಿಸಿದಳು. ನನ್ನ ಕೈಕೆಳಗೆ ಕಲಿತ ಹುಡುಗರು ಏನು ಅನುಭವಿಸಿದ್ದರು ಎಂಬುದು ಆಗ ಗೊತ್ತಾಯಿತು.

ಸಂಜೆ ಆರು ಗಂಟೆ ಇಪ್ಪತ್ತು ನಿಮಿಷ. ಹಾಜರಿದ್ದವರು: ನಾನು, ಗೌರಮ್ಮ, ತೊಟ್ಟಿಯಲ್ಲಿ ಭತ್ತದ ನಾಲ್ಕು ಸಾಲು. ಗುಬ್ಬಿಗಳು ಗೂಡಿಗೆ ಹೋಗಿದ್ದವು. ಮನೆ ಕಟ್ಟಿಸಿದಾಗ ಉಳಿದಿದ್ದ ನೆಲಕ್ಕೆ ಹಾಸುವ ಎರಡು ಪರಸಿ ಕಲ್ಲುಗಳನ್ನು ಆ ಎರಡು ಬೋಳು ಜಾಗಗಳಲ್ಲಿ ಹುಗಿದು ಮಟ್ಟ ಮಾಡಿದೆ, ಎಡಗಾಲಿಗೊಂದು, ಬಲಗಾಲಿಗೊಂದು. ಅಂಚಿನ ಕರಕಿ ಬರುವಷ್ಟು ಬರಲಿ. ಎಲ್ಲ ಮುಗಿಯಿತು ಎಂದು ಕೈ ತೊಳೆಯಲು ಹೊರಟವನು ಮತ್ತೆ ತಿರುಗಿ ಬಂದೆ. "ಹುಲ್ಲಿನ ಮೇಲೆ ಯಾರೂ ಕಾಲಿಡಬಾರದು" ಎಂಬ ಫಲಕ ಪಾಪದ ಹಾಲಿನವನ ಕಡೆಗೇ ನೋಡುತ್ತಿತ್ತು. ಅದನ್ನು ಕಿತ್ತು, ಮುಖವನ್ನು ನನ್ನ ಎರಡು ಕಲ್ಲುಗಳ ಕಡೆಗೆ ತಿರುಗಿಸಿ, ಗಟ್ಟಿಯಾಗಿ ನೆಟ್ಟು, ಕೈ ತೊಳೆದುಕೊಂಡೆ.