ಆಕ್ಸಿಲರೇಟರ್ ತಂತಿಯ ಹ್ರಸ್ವ ದೀರ್ಘ

ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದು ಕಪಾಟಿನೊಳಗೆ ಹಿಡಿಸುವಂತಿರಲಿ ಎಂದು ಮಾತ್ರ ಯಾರೂ ಎಚ್ಚರಿಸುವುದಿಲ್ಲ. ಅಂಚೆಚೀಟಿ ಕೂಡಿಸುವವರ ಹೆಂಡತಿಯರು ಎಷ್ಟು ಸುಖವಾಗಿರಬೇಕು ಎಂದು ನನ್ನ ಹೆಂಡತಿ ಗಿರಿಜ ಆಗಾಗ ಹೇಳುತ್ತಿದ್ದಳು. ನಾನು ಶಿವಮೊಗ್ಗದ ಕೋಟೆಯ ಹತ್ತಿರ ಬಾಡಿಗೆ ಮನೆಯಲ್ಲಿದ್ದುಕೊಂಡು, ಹೈಸ್ಕೂಲು ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತ, ಬಿಡುವಿನಲ್ಲಿ ಅಂಗಳದಲ್ಲಿ ಒಂದು ಸ್ಪೋರ್ಟ್ಸ್ ಕಾರು ಕಟ್ಟುತ್ತಿದ್ದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಕಾರು ಕಟ್ಟಿ ನೋಡಿರಲಿಲ್ಲ. ನೋಡಿದ್ದರೆ ಗಾದೆ ಇನ್ನೂ ಸ್ವಲ್ಪ ಉದ್ದವಾಗುತ್ತಿತ್ತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಗಿರಿಜಳ ತಮ್ಮ ಮಂಜುನಾಥ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ವೆಲ್ಡರ್. ನನ್ನ ಹುಚ್ಚಿಗೆ ಜೊತೆಯಾದವನು ಅವನೊಬ್ಬನೇ. ಕಬ್ಬಿಣದ ಕೊಳವೆಗಳನ್ನು ಬೆಸೆದು ಕಾರಿಗೊಂದು ಅಸ್ಥಿಪಂಜರ ಮಾಡಿಕೊಟ್ಟ. ಗುಜರಿಯಲ್ಲಿ ಹಳೆಯ ವ್ಯಾನಿನ ಎಂಜಿನ್ ಸಿಕ್ಕಿತು. ಪತ್ರಿಕೆಯ ಚಿತ್ರಗಳಲ್ಲಿ ಇಂಥ ಕಾರುಗಳಿಗೆ ಎಂಜಿನ್ ಹಿಂಭಾಗದಲ್ಲಿರುವುದನ್ನು ನೋಡಿದ್ದೆವು. ನಾವೂ ಹಿಂದಕ್ಕೇ ಇಟ್ಟೆವು. ಓಡಿಸುವವನ ಕಾಲು ಮುಂದಿರುತ್ತದೆ ಎಂಬುದು ಆಮೇಲೆ ಹೊಳೆಯಿತು.

ಮುಂದೆ ಪೆಡಲು ಒತ್ತಿದರೆ ಹಿಂದೆ ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬುರೇಟರಿನ ಪುಟ್ಟ ಸನ್ನೆಕೋಲನ್ನು ಎಳೆಯುವುದಕ್ಕೆ ಒಂದು ತಂತಿ ಬೇಕು. ಕೊಳವೆಯೊಳಗೆ ಜಾರಾಡುವ ಉಕ್ಕಿನ ತಂತಿ, ಅಷ್ಟೇ. ಪುಸ್ತಕದಲ್ಲಿ ಅದು ಆಕ್ಸಿಲರೇಟರ್ ಕೇಬಲ್, ನಮ್ಮ ಬಜಾರಿನಲ್ಲಿ ಎಕ್ಸ್‌ಲೇಟರ್ ವೈರು. ಅದನ್ನು ಕೊಳ್ಳಲು ನಾನು ಇಸ್ಮಾಯಿಲ್ ಸಾಹೇಬರ ಬಿಡಿಭಾಗಗಳ ಅಂಗಡಿಗೆ ಹೋದೆ. ಯಾವ ಗಾಡಿಯದು ಎಂದು ಕೇಳಿದರು. ನನ್ನದೇ ಎಂದೆ. ಕಂಪನಿ ಯಾವುದು ಎಂದರು. ನಾನೇ ಎಂದೆ.

"ಗಾಡೀಗೆ ಹೆಸರೇ ಇಲ್ದೆ ವೈರು ಹೆಂಗ್ ಕೊಡ್ಲಿ ಮೇಷ್ಟ್ರೇ?" ಎಂದರು ಅವರು. ನಿಜಕ್ಕೂ ನೊಂದುಕೊಂಡಿದ್ದರು.

ಆದರೂ ಕೊಟ್ಟರು. ಸ್ಕೂಟರಿನ ತಂತಿ ಸೀಟಿನ ತನಕ ಬಂದು ನಿಂತಿತು. ಅದು ಹ್ರಸ್ವ. ವ್ಯಾನಿನ ಸ್ವಂತ ತಂತಿ ದೀರ್ಘ, ಆದರೂ ಒಂದು ಗೇಣು ಸಾಲದು. ಬಸ್ಸಿನದು ವ್ಯಾಕರಣದಲ್ಲಿ ಹೇಳುವ ಪ್ಲುತ. ಕೂಗಿ ಕರೆಯುವಾಗ ಸ್ವರ ಎಳೆದಂತೆ ಅದು ಮುಗಿಯುವುದೇ ಇಲ್ಲ. ಮಿಕ್ಕಿದ್ದನ್ನು ಸುತ್ತಿಟ್ಟರೆ ಒಳಗಿನ ತಂತಿ ಬಳುಕಿನಲ್ಲಿ ಸಿಕ್ಕಿಕೊಂಡು ಅಲ್ಲಾಡುವುದಿಲ್ಲ.

ಉದ್ದದ ವಿಚಾರ ಹೀಗಾದರೆ ದಪ್ಪದ ವಿಚಾರದಲ್ಲಿ ಎರಡು ಪಂಥಗಳೆದ್ದವು. ತಂತಿ ತೆಳ್ಳಗಿದ್ದು ಸಲೀಸಾಗಿ ಜಾರಬೇಕು ಎಂದು ಇಸ್ಮಾಯಿಲ್ ಸಾಹೇಬರು. ಲಾರಿಯ ತಂತಿಯಂತೆ ದಪ್ಪಗಿದ್ದರೆ ಮಾತ್ರ ಬಾಳುತ್ತದೆ ಎಂದು ಭದ್ರಾವತಿಯಿಂದ ಮಂಜುನಾಥ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಬ್ಬರ ಖಂಡನೆಯನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ನನ್ನದು. ಊರಿಗೇ ಅತಿ ವೇಗದ ಕಾರನ್ನು ಕಟ್ಟುತ್ತಿದ್ದ ನಾನು, ವಾರವಾರವೂ ಖಾಸಗಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತು, ಕೈಯಲ್ಲೊಂದು ತಂತಿಯ ಸುರುಳಿ ಹಿಡಿದು ಭದ್ರಾವತಿಗೆ ಹೋಗಿ ಬರುತ್ತಿದ್ದೆ. ಕಂಡಕ್ಟರು ನನ್ನನ್ನು ಕೇಬಲ್ ಟೀವಿಯವನೆಂದು ತಿಳಿದು, ತನ್ನ ಮನೆಯಲ್ಲಿ ಚಿತ್ರ ಸರಿಯಾಗಿ ಬರುತ್ತಿಲ್ಲವೆಂದು ದೂರಿದ.

"ಕಾರು ಮಾಡ್ತಿದೀರೋ, ಅವರಿಬ್ಬರ ಜಾತಕ ಕೂಡಿಸ್ತಿದೀರೋ?" ಎಂದು ಗಿರಿಜ ಕೇಳಿದಳು.

ಅಷ್ಟರಲ್ಲಿ ನಿಜವಾದ ಜಾತಕವೇ ಕೂಡಿತು. ಮಂಜುನಾಥನಿಗೆ ಭದ್ರಾವತಿಯದೇ ಹುಡುಗಿ ಗೊತ್ತಾದಳು. ತಾನು ಬೆಸೆದ ಕಾರಿನಲ್ಲೇ ಛತ್ರಕ್ಕೆ ಬರುತ್ತೇನೆ ಎಂದು ಅವನು ಹಟ ಹಿಡಿದ. ಗಿರಿಜ ಅದಕ್ಕೊಂದು ಷರತ್ತು ಸೇರಿಸಿದಳು. ತಮ್ಮನನ್ನು ಈ ಕಾರು ಛತ್ರ ಮುಟ್ಟಿಸಿದರೆ ಸರಿ, ಇಲ್ಲದಿದ್ದರೆ ಮದುವೆ ಮುಗಿದ ಮೇಲೆ ಗುಜರಿಯವನು ಬರುತ್ತಾನೆ. ತನಗೆ ಹಪ್ಪಳ ಒಣಗಿಸಲು ಅಂಗಳ ಬೇಕು.

ನಾನು ಇಸ್ಮಾಯಿಲ್ ಸಾಹೇಬರ ಪಕ್ಷಕ್ಕೆ ಸೇರಿದೆ. ಅವರು ಅಳತೆ ತೆಗೆದುಕೊಂಡು ತೆಳುವಾದ ತಂತಿ ಮಾಡಿಸಿಕೊಟ್ಟರು. ಕಾರು ನನ್ನನ್ನೂ ಗಿರಿಜಳನ್ನೂ ಹೊತ್ತು, ಎಲ್ಲಿಯೂ ಮುನಿಸಿಕೊಳ್ಳದೆ ಭದ್ರಾವತಿ ಸೇರಿತು. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಮಂಜುನಾಥ ಬಗ್ಗಿ ನೋಡಿದ.

"ಭಾವ, ಇದು ರವಿಕೆ ಹೊಲಿಯೋ ದಾರ ಇದ್ದಂಗಿದೆ. ದಿಬ್ಬಣದ ಮಧ್ಯ ಕಡಿದುಹೋದ್ರೆ ಏನ್ಮಾಡ್ತೀರಿ?"

ಮದುಮಗನ ಮಾತಿಗೆ ಎದುರಾಡಬಾರದಂತೆ. ಅವನು ಅರಿಸಿನ ಹಚ್ಚಿದ ಕೈಯಲ್ಲೇ ತೆಳು ತಂತಿ ಕಿತ್ತು ತನ್ನ ದಪ್ಪ ತಂತಿ ಹಾಕಿದ. ಪರೀಕ್ಷೆ ಮಾಡಲು ಪುರುಸೊತ್ತಿರಲಿಲ್ಲ.

ವರಪೂಜೆಯ ಸಂಜೆ ದಿಬ್ಬಣ ಹೊರಟಿತು. ಕಾರಿನ ಎರಡು ಪಕ್ಕಕ್ಕೂ ಬಾಳೆಕಂದು ಕಟ್ಟಿದ್ದರು. ನಾನು ಸ್ಟೀರಿಂಗ್ ಚಕ್ರದ ಮುಂದೆ, ಪಕ್ಕದಲ್ಲಿ ಪೇಟ ಸುತ್ತಿದ ಮಂಜುನಾಥ. ಇರುವುದು ಎರಡೇ ಸೀಟಾದ್ದರಿಂದ, ಕಳಶಗಿತ್ತಿಯಾದ ಗಿರಿಜ ಕಳಶ ಹಿಡಿದು ಹಿಂದಿನ ಕಟ್ಟೆಯಂಥ ಜಾಗದಲ್ಲಿ ಎಂಜಿನ್ನಿಗೆ ಒತ್ತಿಕೊಂಡು ಕೂತಿದ್ದಳು. ಮುಂದೆ ವಾಲಗದವರು. ನಾನು ಪೆಡಲು ಒತ್ತಿದೆ, ಕಾರು ಗಂಭೀರವಾಗಿ ಹೊರಟಿತು. ಕಾಲು ತೆಗೆದೆ. ದಪ್ಪ ತಂತಿ ಕೊಳವೆಯೊಳಗೆ ಸಿಕ್ಕಿಕೊಂಡು ಪೆಡಲು ಮೇಲೆ ಬರಲಿಲ್ಲ. ನಾದಸ್ವರದವನು ಒಮ್ಮೆ ತಿರುಗಿ ನೋಡಿದ, ವಿಳಂಬದಲ್ಲಿದ್ದ ರಾಗ ಒಮ್ಮೆಲೇ ದ್ರುತಕ್ಕೆ ಏರಿತು. ನಾನು ಬ್ರೇಕು ತುಳಿದು ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ. ಬಗ್ಗಿ ಪೆಡಲನ್ನು ಕೈಯಿಂದ ಮೇಲೆತ್ತಿ ಮತ್ತೆ ಹೊರಟರೆ ಮತ್ತೆ ಅದೇ. ಹೀಗೆ ಹಾರುತ್ತ, ಸಾಯುತ್ತ, ಭದ್ರಾ ಹೊಳೆಯ ಸೇತುವೆಯ ನಟ್ಟನಡುವೆ ಬಂದು ನಿಂತೆವು. ಹಿಂದೆ ಬಸ್ಸುಗಳು ಹಾರ್ನು ಬಾರಿಸುತ್ತಿದ್ದವು. ಆಚೆ ದಡದಲ್ಲಿ ಹೆಣ್ಣಿನ ಕಡೆಯವರು ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ವಾಲಗದವರು ಇನ್ನು ಕಾರಿನ ಹಿಂದೆ ಮಾತ್ರ ನಡೆಯುತ್ತೇವೆ ಎಂದು ಪಟ್ಟು ಹಿಡಿದರು.

"ಸ್ವಲ್ಪ ಮೆತ್ತಗೆ ಒತ್ತಿ ಭಾವ," ಎಂದ ಮಂಜುನಾಥ.

"ಒತ್ತೋದಕ್ಕೆ ತೊಂದರೆ ಇಲ್ಲ ಮಾರಾಯ, ಬಿಡೋದಕ್ಕೆ ತೊಂದರೆ," ಎಂದೆ. ನನ್ನ ಧ್ವನಿ ಅಳುವಂತಿತ್ತು.

ಗಿರಿಜ ಕಳಶವನ್ನು ತಮ್ಮನ ಕೈಗೆ ಕೊಟ್ಟು ಇಳಿದಳು. ಬಾಳೆಕಂದು ಕಟ್ಟಿದ್ದ ಗೋಣಿದಾರವನ್ನು ಬಿಚ್ಚಿದಳು. ಎಂಜಿನ್ನಿನ ಮುಚ್ಚಳ ಎತ್ತಿ, ದಪ್ಪ ತಂತಿಯ ತುದಿಯನ್ನು ಕಳಚಿ ಬಿಸಾಕಿ, ಕಾರ್ಬುರೇಟರಿನ ಸನ್ನೆಕೋಲಿಗೆ ದಾರ ಬಿಗಿದಳು. ಮತ್ತೆ ಹತ್ತಿ ಕೂತು, ಎಡಗೈಯಲ್ಲಿ ಕಳಶ, ಬಲಗೈಯಲ್ಲಿ ದಾರ ಹಿಡಿದಳು. ಇಷ್ಟು ವರ್ಷ ಅಡುಗೆಮನೆಯ ಕಿಟಕಿಯಿಂದ ಅವಳು ನನ್ನನ್ನು ಬರಿದೇ ಬಯ್ಯುತ್ತಿರಲಿಲ್ಲ, ನೋಡುತ್ತಲೂ ಇದ್ದಳು.

"ನೀವು ಕ್ಲಚ್ಚು, ಬ್ರೇಕು ನೋಡ್ಕೊಳ್ಳಿ ಸಾಕು. ವಾಲಗದವರು ಮುಂದೇನೇ ನಡೀಲಿ, ಅವರು ಹೆಂಗೆ ಹೋಗ್ತಾರೋ ಹಂಗೆ ನಾನು ಎಳೀತೀನಿ."

ಕಾರು ತೇರಿನಂತೆ ಹೋಯಿತು ಎಂದರೆ ತೇರಿಗೆ ಅವಮಾನ. ತೇರು ಅಷ್ಟು ನಯವಾಗಿ ಹೋಗುವುದಿಲ್ಲ. ಛತ್ರದ ಬಾಗಿಲಲ್ಲಿ ಹುಡುಗಿಯ ಸೋದರಮಾವ ಮುಂದೆ ಬಂದು, ತುಂಬಿದ ಕೊಡ ತಂದ ಹಾಗೆ ತಂದಿರಿ ಎಂದು ನನ್ನ ಕೈ ಕುಲುಕಿದರು. ನಾನು ವಿನಯದಿಂದ ತಲೆ ಬಾಗಿದೆ. ಹಿಂದೆ ಗಿರಿಜ ಬಾಳೆ ಎಲೆಯ ಚೂರಿನಿಂದ ಬೆರಳಿನ ಗ್ರೀಸು ಒರೆಸಿಕೊಳ್ಳುತ್ತಿದ್ದಳು.

ಮರುದಿನ ಮುಹೂರ್ತವಾಯಿತು. ಮದುಮಕ್ಕಳನ್ನು ಅದೇ ಕಾರಿನಲ್ಲಿ ಮನೆ ತುಂಬಿಸಬೇಕೆಂದು ಸೋದರಮಾವನ ಅಪ್ಪಣೆಯಾಯಿತು. ಮದುಮಗಳು ಒಂದು ಸೀಟಿನಲ್ಲಿ ಕೂತಳು. ಮಂಜುನಾಥನಿಗೆ ಕಾರು ಓಡಿಸಲು ಬರುತ್ತದೆ, ಅವನು ಚಕ್ರದ ಮುಂದೆ ಕೂತ. ಹಿಂದೆ ಗಿರಿಜ ಆಗಲೇ ದಾರ ಹಿಡಿದು ಸಿದ್ಧಳಾಗಿದ್ದಳು. ವ್ಯಾಕರಣದಲ್ಲಿ ಲೋಪ ಎಂಬುದೊಂದಿದೆ. ಅಕ್ಷರ ಬಿಟ್ಟುಹೋದರೂ ಅರ್ಥ ಕೆಡುವುದಿಲ್ಲ. ವರ್ಷಗಟ್ಟಲೆ ಕಟ್ಟಿದ ಆ ಕಾರಿನಲ್ಲಿ ಕಿತ್ತಿಟ್ಟರೂ ನಡೆಯುವ ಭಾಗ ನಾನೊಬ್ಬನೇ ಎಂದು ಅಲ್ಲಿ ತಿಳಿಯಿತು.

ಮದುವೆಗೆ ಬಂದಿದ್ದ ಇಸ್ಮಾಯಿಲ್ ಸಾಹೇಬರ ಜೊತೆ ವಾಲಗದ ಹಿಂದೆ ನಡೆದುಕೊಂಡು ಹೊರಟೆ. ಅವರು ಬಹಳ ಹೊತ್ತು ಕಾರನ್ನೇ ನೋಡುತ್ತ ನಡೆದರು. ಆಮೇಲೆ ಅಂಗಡಿಯವರ ಗಾಂಭೀರ್ಯದಿಂದ, ಆ ದಾರದ ಅಳತೆ ಎಷ್ಟು ಎಂದು ವಿಚಾರಿಸಿದರು.

"ನನಗೆ ಗೊತ್ತಿಲ್ಲ ಸಾಹೇಬ್ರೇ," ಎಂದೆ. "ಕಂಪನಿಯವರು ಮುಂದೆ ಹೋಗ್ತಿದಾರೆ. ಅವರನ್ನೇ ಕೇಳಬೇಕು."