ಅಳದೆ ಕೊಟ್ಟ ಕಾರು

"ನಾಲ್ಕು ಚಕ್ರ ಇದ್ರೂ ಇದನ್ನ ಒಂದು ಹೆಜ್ಜೆ ಆಚೆ ನಿಲ್ಸೋ ಹಾಗಿಲ್ಲ ಅಂದ್ರೆ ನಾನೇನು ಮಾಡ್ಲಿ?"

ಪುಸ್ತಕ ಕಟ್ಟುವ ಬೈಂಡರು ಕೇಳಿದ್ದು ಯಾರನ್ನೂ ಅಲ್ಲ. ಷೆಡ್ಡಿನಲ್ಲಿ ಆಗ ಇದ್ದದ್ದು ಅವರು ಮತ್ತು ಕಾರು, ಇಬ್ಬರೇ. ಕಾರು ಜಪಾನಿನದು, ಕೆಂಪು, ಎರಡೇ ಸೀಟು, ನೆಲಕ್ಕೆ ಕಿವಿಗೊಟ್ಟು ಮಲಗಿದಷ್ಟು ತಗ್ಗು. ಇಂಥದ್ದು ದೇಶದಲ್ಲೆಲ್ಲ ಮೂರೋ ನಾಲ್ಕೋ ಇದೆಯೆಂದು ಬಲ್ಲವರು ಹೇಳುತ್ತಿದ್ದರು. ಹಡಗಿನಲ್ಲಿ ಎಂಜಿನಿಯರಾಗಿದ್ದ ಸೋದರಮಾವ ಅದನ್ನು ಅಲ್ಲಿಂದ ತರಿಸಿ, ಮಗಳಂತೆ ಸಾಕಿ, ಕೊನೆಗಾಲದಲ್ಲಿ ಬೈಂಡರ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು: ಮಾರಕೂಡದು, ಬಿಸಿಲು ಮಳೆಗೆ ಬಿಡಕೂಡದು.

ಹೀಗಾಗಿ ಕಾರು ಷೆಡ್ಡಿಗೆ ಬಂತು, ಷೆಡ್ಡಿನಲ್ಲಿದ್ದ ಕೆಲಸ ಬೀದಿಗೆ ಬಿತ್ತು. ಕಾಗದ ಕತ್ತರಿಸುವ ಯಂತ್ರ ಕಾರಿನ ಹಿಂದೆ ಗೋಡೆಗೆ ಅಂಟಿಕೊಂಡು ಉಸಿರುಗಟ್ಟಿತ್ತು. ಕಾಲೇಜು ಲೈಬ್ರರಿಯ ನಾನೂರು ಪುಸ್ತಕ ಮಂಚದ ಕೆಳಗೆ, ಅಡುಗೆಮನೆಯ ಅಟ್ಟದಲ್ಲಿ, ಬಚ್ಚಲಿನ ಬಾಗಿಲಲ್ಲಿ ಹರಿದ ಬೆನ್ನು ತೋರಿಸಿಕೊಂಡು ಕೂತಿದ್ದವು. ಲೈಬ್ರೇರಿಯನ್ನಮ್ಮ ನಿನ್ನೆ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು: "ನಾಳಿದ್ದು ಬೆಳಿಗ್ಗೆ ಬರ್ತೀನಿ. ಯಂತ್ರ ಓಡ್ತಾ ಇರ್ಬೇಕು. ಇಲ್ಲಾಂದ್ರೆ ಪುಸ್ತಕ ಎಲ್ಲಾ ಬೇರೆಯವರಿಗೆ." ವರ್ಷಕ್ಕೊಮ್ಮೆ ಬರುವ ಈ ಕೆಲಸವೊಂದೇ ಬೈಂಡರ ಮನೆಯ ಒಲೆಗೆ ಆಧಾರ.

ದಾರಿ ಹೊಳೆದದ್ದು ಹೆಂಡತಿಗೆ. "ಅಲ್ಲಾರೀ, ಮಾರಬೇಡ ಅಂದ್ರು ಮಾವ. ದಾನ ಮಾಡಬೇಡ ಅಂದ್ರಾ?"

ಬೈಂಡರು ಹೆಂಡತಿಯ ಮುಖವನ್ನು ದೇವರ ಪಟ ನೋಡುವಂತೆ ನೋಡಿದರು.

ದಾನಕ್ಕೆ ಇಬ್ಬರೂ ಆರಿಸಿದ ವೃದ್ಧಾಶ್ರಮ ಊರಾಚೆ. ಕಾರು ಹೊರತೆಗೆಯುವ ಹೊತ್ತಿಗೆ ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ತರರು ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಹಾಜರಾದರು. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಕಾರು ಒರೆಸುವುದು ಅವರ ನೇಮ. ಹೆಂಡತಿ ಹೋದ ಮೇಲೆ ಅವರಿಗೆ ಸಮಯಕ್ಕೆ ಸರಿಯಾಗಿ ಮಾಡಲು ಉಳಿದಿದ್ದ ಕೆಲಸ ಅದೊಂದೇ.

"ಕೊಟ್ಟೇಬಿಡ್ತೀರಾ ಬೈಂಡರ್ರೇ?"

"ಕೊಟ್ಟೇಬಿಡ್ತೀನಿ."

"ಹಾಗಾದ್ರೆ ನಾನೂ ಬರ್ತೀನಿ. ಕಳಿಸಿಕೊಡೋದು ಗೊತ್ತಿರೋದು ನನಗೊಬ್ಬನಿಗೇ."

ಆ ಕಾರಿನ ದೀಪಗಳು ಬಾನೆಟ್ಟಿನೊಳಗೆ ರೆಪ್ಪೆ ಮುಚ್ಚಿ ಮಲಗುವ ಜಾತಿಯವು. ಸ್ವಿಚ್ ಒತ್ತಿದರೆ ಏಳಬೇಕು. ಎಡಗಡೆಯದು ಏಳುವುದನ್ನು ಮರೆತಿತ್ತು. ಬಲಗಡೆಯದು ಯಾರೂ ಕರೆಯದೆ ಎದ್ದು, ಮತ್ತೆ ಮಲಗುತ್ತಿತ್ತು. ಬಸ್ ನಿಲ್ದಾಣದಲ್ಲಿ ನಿಂತಿದ್ದ ಕನ್ನಡಕದ ಹೆಂಗಸಿಗೆ ಅದು ಎರಡು ಸಲ ಕಣ್ಣು ಹೊಡೆಯಿತು.

"ಏನ್ರೀ ಅದು! ಮನೆಯಲ್ಲಿ ಅಕ್ಕ ತಂಗಿ ಇಲ್ವಾ?"

"ನಾನಲ್ಲಮ್ಮಾ, ಕಾರು!" ಎಂದರು ಬೈಂಡರು. ಹಾಗೆಂದ ಮೇಲೆ ಅಪರಾಧ ಇನ್ನೂ ದೊಡ್ಡದಾಯಿತು. ಆಕೆ ಛತ್ರಿ ಎತ್ತಿಕೊಂಡು ಸಿಗ್ನಲ್ಲಿನ ತನಕ ಹಿಂದೆ ಓಡಿಬಂದಳು.

ಆಶ್ರಮದ ಮೇಡಂ ಚುರುಕು ಹೆಂಗಸು. ಕಾರನ್ನು ಸುತ್ತು ಹಾಕಿ, "ಇದನ್ನ ಹುಡುಕ್ಕೊಂಡು ಅಲೆಯೋ ಮಂದಿ ಇದ್ದಾರೆ. ಅವರಿಗೆ ಕೊಟ್ರೆ ಬರೋ ದುಡ್ಡಲ್ಲಿ ನಮ್ಮ ಹಿರಿಯರಿಗೆ ಮಹಡಿ ಹತ್ತೋಕೆ ಒಂದು ಲಿಫ್ಟ್ ಆಗುತ್ತೆ" ಎಂದರು. ಅಷ್ಟರಲ್ಲಿ ಆ ಹಿರಿಯರಲ್ಲೊಬ್ಬರು ಕಾರಿನೊಳಗೆ ಇಳಿದು ಕೂತಾಗಿತ್ತು. ಇಳಿದದ್ದು ಸುಲಭ, ಏಳುವುದಕ್ಕೆ ನಾಲ್ಕು ಜನ ಬೇಕಾಯಿತು. ಬಾವಿಯಿಂದ ಕೊಡ ಸೇದಿದಂತೆ ಸೇದಿದರು. "ಮೊದಲು ಲಿಫ್ಟ್ ಇದಕ್ಕೇ ಇಡ್ಸಮ್ಮಾ" ಎಂದರು ತಾತ.

ಆಮೇಲೆ ಮೇಡಂ ಕಾಗದ ಮುಂದಿಟ್ಟರು. "ಒಂದೇ ನಿಯಮ. ಮನಸಾರೆ ಕೊಡ್ತಾ ಇದ್ದೀರಾ? ಅತ್ತುಕೊಂಡು ಕೊಟ್ಟಿದ್ದನ್ನ ನಾವು ಇಟ್ಕೊಳ್ಳಲ್ಲ. ಇಲ್ಲಿರೋರೆಲ್ಲ ಯಾರೋ ಕಣ್ಣೊರೆಸ್ಕೊಂಡು ಬಿಟ್ಟುಹೋದವರೇ. ಅಂಥದ್ದು ಇನ್ನೊಂದು ನಮಗೆ ಬೇಡ."

"ಅಳೋದಾ? ಕುಣೀಬೇಕು ಅನ್ನಿಸ್ತಿದೆ ಮೇಡಂ!"

ಕಾರಿನೊಳಗೆ ಉಳಿದಿದ್ದ ತಮ್ಮ ಕನ್ನಡಕ ತೆಗೆದುಕೊಂಡು, ಬಾಗಿಲ ಅಂಚಿಗೆ ಕೈಯಿಟ್ಟು ಮೇಲೆದ್ದರು ಬೈಂಡರು. ಆ ಕ್ಷಣಕ್ಕೆ ಸರಿಯಾಗಿ ಮಾಸ್ತರರು, ಹೊರಟ ರೈಲಿನ ಬಾಗಿಲು ಮುಚ್ಚುವ ಹಳೆಯ ರಭಸದಲ್ಲಿ, ಬಾಗಿಲು ಹಾಕಿದರು.

ನಡುಬೆರಳು ಅಲ್ಲೇ ಇತ್ತು.

ಬೈಂಡರು ಕೂಗಲಿಲ್ಲ. ಮೇಡಂ ಹತ್ತು ಹೆಜ್ಜೆ ದೂರದಲ್ಲಿ ಪೆನ್ನು ಹುಡುಕುತ್ತಿದ್ದರು. ಮಾಸ್ತರರು ಮೆಲ್ಲಗೆ ಬಾಗಿಲು ತೆರೆದರು, ಬೆರಳು ನೋಡಿದರು, ಬೈಂಡರ ಮುಖ ನೋಡಿದರು. ದೇವರ ನೂರೆಂಟು ಹೆಸರುಗಳಲ್ಲಿ ನೆನಪಾದಷ್ಟನ್ನು ಹಲ್ಲು ಕಚ್ಚಿ ಹೇಳಿಕೊಳ್ಳುತ್ತ ಬೈಂಡರು ನಲ್ಲಿಯತ್ತ ನಡೆದರು. ಕಣ್ಣಿನಿಂದ ಬಂದದ್ದನ್ನೂ ನಲ್ಲಿಯಿಂದ ಬಂದದ್ದನ್ನೂ ಒಂದೇ ಸಲ ಒರೆಸಿಕೊಂಡು, ಹಲ್ಲು ಕಿರಿದು, ಎಡಗೈಯಲ್ಲಿ ಸಹಿ ಹಾಕಿದರು.

"ಎಷ್ಟು ಸಂತೋಷದಿಂದ ಕೊಟ್ರಿ!" ಎಂದರು ಮೇಡಂ.

ಮಾಸ್ತರರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತೇನೆಂದರು. ಬೈಂಡರು ಬಸ್ಸಿನಲ್ಲಿ ಮನೆಗೆ ಬಂದರು.

"ಬೆರಳೇನ್ರೀ ಬದನೆಕಾಯಿ ಆಗಿದೆ?" ಎಂದಳು ಹೆಂಡತಿ.

"ಆಗ್ಲಿ ಬಿಡೇ. ಇನ್ನೂ ಒಂಬತ್ತಿದೆ."

ಆ ಒಂಬತ್ತರಲ್ಲೇ ಯಂತ್ರವನ್ನು ನಡುಷೆಡ್ಡಿಗೆ ಎಳೆದರು, ಎಣ್ಣೆ ಬಿಟ್ಟರು. ಗಂಡಹೆಂಡಿರು ಸೇರಿ ನಾನೂರು ಪುಸ್ತಕವನ್ನೂ ಹೊತ್ತು ತಂದು ಜೋಡಿಸಿದರು. ಎಷ್ಟೋ ತಿಂಗಳ ಮೇಲೆ ಷೆಡ್ಡಿನಲ್ಲಿ ಅಂಟಿನ ವಾಸನೆ ಎದ್ದಿತು. ಪದ್ಯ ಓದುವವರು ಹಿಡಿಸಿದ ಸಾಲನ್ನು ಎರಡು ಸಲ ಹೇಳುವಂತೆ ಬೈಂಡರು "ಹೋಯ್ತು, ಹೋಯ್ತು" ಎಂದರು.

ಸಂಜೆಯ ಬೆಳಕು ಇನ್ನೂ ಇತ್ತು. ಬೀದಿಯ ತಿರುವಿನಲ್ಲಿ ಒಂದು ಕಣ್ಣು ಎದ್ದು, ಮಲಗಿ, ಮತ್ತೆ ಎದ್ದಿತು.

ಕಾರು ಬಂದು ಷೆಡ್ಡಿನ ಬಾಗಿಲಿಗೆ ಮೂಗು ಇಟ್ಟು ನಿಂತಿತು. ಓಡಿಸುತ್ತಿದ್ದವರು ಮೇಡಂ. ಪಕ್ಕದಲ್ಲಿ ಬಟ್ಟೆ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಮಾಸ್ತರರು.

"ಮಾಸ್ತರರು ಎಲ್ಲಾ ಹೇಳಿದ್ರು. ನಲ್ಲಿ ಹತ್ರ ನಿಂತು ನೀವು ಬಿಕ್ಕಿದ್ದನ್ನ. ಇಷ್ಟು ಆಸೆ ಇಟ್ಕೊಂಡು ಯಾಕೆ ಕೊಟ್ರಿ? ತಗೊಳ್ಳಿ, ನಿಮ್ಮ ಕಾರು."

"ಅಯ್ಯೋ, ಬೆರಳು ಮೇಡಂ! ಬೆರಳು ಬಾಗಿಲಿಗೆ ಸಿಕ್ಕಿತ್ತು, ನೋಡಿ!"

ಮೇಡಂ ಬೆರಳನ್ನು ಕನಿಕರದಿಂದ ನೋಡಿದರು. "ಹಿಂದೆ ಅತ್ತುಕೊಂಡು ಕೊಟ್ಟವರೊಬ್ಬರು ಈರುಳ್ಳಿ ಅಂದಿದ್ರು. ಇನ್ನೊಬ್ಬರು ಧೂಳು ಅಂದ್ರು. ಬೆರಳು ಹೊಸದು. ಕಣ್ಣಾರೆ ಕಂಡವರು ಒಬ್ಬರು ಹೇಳ್ಲಿ, ಈಗ್ಲೇ ವಾಪಸ್ ತಗೊಂಡು ಹೋಗ್ತೀನಿ."

ಬೈಂಡರು ಕಾರಿನಿಂದ ಇಳಿದ ಮಾಸ್ತರರ ಎದುರು ನಿಂತರು.

"ಮಾಸ್ತರೇ, ಬಾಗಿಲು ಹಾಕಿದ್ದೇ ನೀವು. ನನ್ನ ಬೆರಳನ್ನ ನೋಡಿದ್ದೂ ನೀವೊಬ್ಬರೇ. ಬೆಳಿಗ್ಗೆ ಲೈಬ್ರೇರಿಯನ್ ಬಂದ್ರೆ ನನ್ನ ಅನ್ನ ಹೋಗುತ್ತೆ. ಕೈ ಮುಗೀತೀನಿ, ಒಂದೇ ಒಂದು ಮಾತು ಹೇಳಿ."

ಮಾಸ್ತರರು ಮುಗಿದ ಕೈಯಲ್ಲಿ ಬೇರೆಯಾಗಿ ಸೆಟೆದು ನಿಂತಿದ್ದ ನೀಲಿ ಬೆರಳನ್ನು ನೋಡಿದರು. ಆಮೇಲೆ ಬಾನೆಟ್ಟಿನ ಮೇಲೆ ದಾರಿಯ ಧೂಳು ಕೂತಿದ್ದ ಒಂದು ಕಡೆ ಬಾಗಿ, ಬಾಯಿಂದ ಆವಿ ಬಿಟ್ಟು, ಬಟ್ಟೆಯಿಂದ ನಿಧಾನವಾಗಿ ಉಜ್ಜಿದರು.

"ಹೇಳಲ್ಲ" ಎಂದರು.